ಪೋಸ್ಟರಿನ ಕೈ

"ಕೈ ಯಾಕೇ ತೊಳ್ಕೊಂಡೆ, ಮೂಳಿ? ಯಾರನ್ನ ಕೇಳಿ ತೊಳ್ಕೊಂಡೆ?"

"ಉಣ್ಣೋಕೆ ತೊಳ್ಕೊಂಡೆ. ಅದಕ್ಕೂ ನಿಮ್ಮಪ್ಪನ್ನ ಕೇಳ್ಬೇಕಾ?"

"ಸಿನಿಮಾ ಮುಗಿಯೋವರೆಗೂ ಆ ಕೈ ನಿಂದಲ್ಲ, ಕಂಪನೀದು. ನಿನ್ನೆ ತೆಗೆದ ಶಾಟಲ್ಲಿ ಉಗುರಿನ ತುಂಬ ಕಪ್ಪು ಧೂಳು. ಇವತ್ತು ಬೆಳ್ಳಗಿದ್ರೆ ಜನ ನಗಲ್ವಾ?"

ಸತ್ತ ಇಲಿಯ ಬಾಲ ಹಿಡಿದಂತೆ ಸಿನಿಮಾ ಕಂಪನಿಯ ಮ್ಯಾನೇಜರ್ ಅವಳ ಮಣಿಕಟ್ಟು ಎತ್ತಿ ಎಲ್ಲರಿಗೂ ತೋರಿಸಿದ. ಕಲ್ಲುಕುಟ್ಟುವವರ ಸಾಲು ಸುತ್ತಿಗೆ ನಿಲ್ಲಿಸಿ ನೋಡಿತು.

ಕ್ವಾರಿಯಲ್ಲಿ ಅವಳನ್ನು ಗಟ್ಟಿಗಿತ್ತಿ ಅನ್ನುತ್ತಿದ್ದರು. ಹಿಂದಿ ಸಿನಿಮಾದವರು ತೆಗೆಯುತ್ತಿದ್ದದ್ದು ಕಲ್ಲೊಡೆಯುವ ಹೆಂಗಸಿನ ಕಥೆ. ಮುಖ ನಾಯಕಿಯದು, ಕೈ ಇವಳದು. ಸುತ್ತಿಗೆ ಏಟಿಗೆ ಸೀಳಿದ ಇವಳ ಹೆಬ್ಬೆರಳಿನ ಉಗುರು ನೋಡಿಕೊಂಡು, ಮೇಕಪ್ಪಿನವನು ದಿನಾ ಒಂದು ಗಂಟೆ ನಾಯಕಿಯ ಹೆಬ್ಬೆರಳಿಗೆ ಮೇಣ ಮೆತ್ತಿ ಅಂಥದ್ದೇ ಉಗುರು ಮಾಡುತ್ತಿದ್ದ. ಸಿನಿಮಾ ಮುಗಿಯುವ ಮೊದಲೇ ಅದರ ಹಾಡು ಎಲ್ಲರ ಬಾಯಲ್ಲಿತ್ತು. ಗೋಡೆಗೋಡೆಗೂ ಪೋಸ್ಟರು, ಪೋಸ್ಟರಿನ ತುಂಬ ಸುತ್ತಿಗೆ ಹಿಡಿದ ಎರಡು ಕೈ.

ಅವಳ ಕೈಗೆ ಮತ್ತೆ ಬಳಿದ ಕಪ್ಪು ಧೂಳು ಅಳಿಸಿಹೋಗಬಾರದೆಂದು ಈಗ ನಾದಿನಿಯೇ ತುತ್ತು ಮಾಡಿ ತಿನ್ನಿಸುತ್ತಿದ್ದಳು.

"ಬಾಯಿ ತೆಗಿ ಅತ್ತಿಗೆ. ಮಹಾರಾಣಿಗೂ ಇಲ್ಲ ಈ ಭಾಗ್ಯ."

"ಮಹಾರಾಣಿ ಮೂಗು ತುರಿಸಿದ್ರೆ ತಾನೇ ಕೆರ್ಕೋತಾಳೆ ಕಣೆ."

ಗಟ್ಟಿಗಿತ್ತಿಗೆ ಬೇಕಿದ್ದದ್ದು ಒಂದೇ. ಅದನ್ನು ಅವಳು ಮ್ಯಾನೇಜರನಿಗೆ ಮತ್ತೆ ಹೇಳಿದಳು: "ಕೊನೇಲಿ ಎಲ್ಲರ ಹೆಸರು ಬರುತ್ತಲ್ಲ, ಅಲ್ಲೊಂದು ಸಾಲು ಹಾಕ್ಸಿ. ಕಲ್ಲೊಡೆದ ಕೈ ಕ್ವಾರಿಯವಳದು ಅಂತ."

"ಕೈಗೊಂದು ಸಾಲು. ನಾಳೆ ಕುಂಡಿಗೊಂದು ಹಾಕು ಅಂತೀಯ," ಎಂದು ಮ್ಯಾನೇಜರ್ ನಕ್ಕ. "ಈಗ ಟಿವಿಯವರು ಬರ್ತಾರೆ, ಸಿನಿಮಾ ಹೇಗೆ ತೆಗೆದ್ರಿ ಅಂತ ಕೇಳೋಕೆ. 'ಮೇಡಂ ಮೂರು ತಿಂಗಳು ನನ್ನ ಹತ್ರ ಕಲಿತ್ರು, ಒಡೆದಿದ್ದೆಲ್ಲ ಅವರೇ' ಅನ್ನು. ಬೇರೆ ಮಾತು ಬಂದ್ರೆ ನಿಂಗೂ ನಿನ್ನ ನಾದಿನಿಗೂ ಕ್ವಾರೀಲಿ ಕೆಲಸ ಇಲ್ಲ. ಕ್ವಾರಿ ಧಣಿ ನನ್ನ ಮಾತು ಮೀರಲ್ಲ."

ಟಿವಿಯವರು ಬಂದಾಗ ಕೊಡೆಯ ಕೆಳಗೆ ನಾಯಕಿ ಮೇಣದ ಉಗುರು ಮುಂದೆ ಚಾಚಿ, ಇದು ಈ ಕಲ್ಲುಗಳು ಕೊಟ್ಟ ಉಡುಗೊರೆ ಎಂದು ಹಿಂದಿಯಲ್ಲಿ ಹೇಳಿದಳು. ಟಿವಿಯವಳ ಕಣ್ಣು ಒದ್ದೆಯಾಯಿತು. ಆಮೇಲೆ ಗಟ್ಟಿಗಿತ್ತಿಯ ಮುಂದೆ ಮೈಕು ಬಂತು.

"ಹೌದು ತಾಯಿ, ಮೂರು ತಿಂಗಳಲ್ಲಿ ಕಲಿತುಬಿಟ್ರು. ನಂಗೆ ಹತ್ತು ವರ್ಷ ಬೇಕಾಯ್ತು, ನನ್ನದು ಮಂದಬುದ್ಧಿ."

ಮ್ಯಾನೇಜರ್ ತಲೆದೂಗಿದ.

"ಒಡೆದಿದ್ದೆಲ್ಲ ಅವರೇ. ನಾನು ನೆರಳಲ್ಲಿ ಕೂತು ಎಲೆ ಅಡಿಕೆ ಹಾಕ್ಕೊಂಡಿದ್ದೆ. ಕೊನೇ ಶಾಟು ಒಂದು ಬಾಕಿ ಇದೆ, ಈ ಬಂಡೆ ಸೀಳೋದು. ಕಲಿಸಿದವಳ ಆಸೆ ತಾಯಿ, ನಿಮ್ಮ ಕಣ್ಣೆದುರಿಗೇ ಒಡೀಲಿ."

ಟಿವಿಯವಳು ಚಪ್ಪಾಳೆ ತಟ್ಟಿ ಅದನ್ನು ಹಿಂದಿಯಲ್ಲಿ ಹೇಳಿದಳು. ನಾಯಕಿ ಮ್ಯಾನೇಜರನ ಮುಖ ನೋಡಿದಳು. ಮ್ಯಾನೇಜರ್ ಆಕಾಶ ನೋಡಿದ. ಅಷ್ಟರಲ್ಲಿ ಗಟ್ಟಿಗಿತ್ತಿ ದೊಡ್ಡ ಸುತ್ತಿಗೆ ತಂದು ನಾಯಕಿಯ ಕೈಗೆ ಕೊಟ್ಟಾಗಿತ್ತು. ನಾಯಕಿ ಎತ್ತಲು ನೋಡಿದಳು. ಸುತ್ತಿಗೆ ಏಳಲಿಲ್ಲ, ಉಗುರು ಎದ್ದಿತು. ಎದ್ದು, ಸುತ್ತಿಗೆಯ ಹಿಡಿಗೆ ಅಂಟಿಕೊಂಡಿತು. ಟಿವಿ ಕ್ಯಾಮರಾ ಅದರ ಹತ್ತಿರಕ್ಕೇ ಹೋಯಿತು.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕ್ವಾರಿ ನಕ್ಕಿತು.

"ಏನೇ ಮಾಡ್ದೆ, ಬೋಳಿ?" ಮ್ಯಾನೇಜರ್ ಗಟ್ಟಿಗಿತ್ತಿಯ ಹಿಂದೆ ಓಡಿದ.

"ನೀವು ಹೇಳ್ಕೊಟ್ಟಿದ್ದು. ಒಂದಕ್ಷರ ಬಿಟ್ಟಿಲ್ಲ."

"ಬಾರೇ, ಆ ಶಾಟಿಗೆ ನಿನ್ನ ಕೈಯೇ ಬೇಕು. ಸಾಲು ಹಾಕಿಸ್ತೀನಿ. ದೊಡ್ಡ ಅಕ್ಷರದಲ್ಲಿ ಹಾಕಿಸ್ತೀನಿ."

"ಕಲಿತವರಿದ್ದಾರಲ್ಲ, ಕಲಿಸಿದವಳು ಯಾಕೆ?"

ನೀರಿನ ಡ್ರಮ್ಮಿನ ಹತ್ತಿರ ನಿಂತು ಅವಳು ಮೊಣಕೈವರೆಗೂ ಕೈ ತೊಳೆದಳು. ಉಗುರಿನ ಸಂದಿಯ ಧೂಳನ್ನು ಕಡ್ಡಿಯಿಂದ ತೆಗೆದಳು. ಮೂಗು ಕೆರೆದುಕೊಂಡಳು.

"ನಡಿಯೇ," ಎಂದಳು ನಾದಿನಿಗೆ. "ಕಲ್ಲು ಇದೊಂದೇ ಕಡೆ ಇರೋದಾ?"

ಸಂಜೆ, ಮರುದಿನ, ಅದರ ಮರುದಿನ ಕಂಪನಿಯ ಜೀಪು ಅವಳ ಮನೆಗೆ ಹೋಗಿ ಬಂತು. ಬಾಗಿಲಿಗೆ ಬೀಗ.

ಬಂಡೆ ಇನ್ನೂ ಹಾಗೇ ಇದೆ.