ನೀಲಿ ಹಾಕಿದ ಕರವಸ್ತ್ರ

ಮೂರನೇ ಶಾಲೂ ವಾಪಸ್ ಬಂತು. ಕೊಂಡವಳು ಚೀಟಿ ಇಟ್ಟಿದ್ದಳು: ‘ಫೋಟೋದಲ್ಲಿ ಇಟ್ಟಿಗೆ ಬಣ್ಣ, ಪೊಟ್ಟಣ ಬಿಚ್ಚಿದರೆ ದ್ರಾಕ್ಷಿ.’ ಆನ್‌ಲೈನ್ ಅಂಗಡಿಯ ಮ್ಯಾನೇಜರಮ್ಮ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದಳು: “ಇನ್ನೊಂದು ವಾಪಸ್ ಬಂದ್ರೆ ನಿಮ್ಮ ಪುಟ ಮುಚ್ಚಿಬಿಡ್ತೀವಿ, ಅಜ್ಜಿ.”

ನಲವತ್ತು ವರ್ಷ ಉಣ್ಣೆಯನ್ನು ಬಣ್ಣಕ್ಕೆ ಅದ್ದಿದ ಕೈ ನನ್ನದು. ಆ ದ್ರಾಕ್ಷಿ ಬಣ್ಣ ಬರಿಸಲು ನಾಲ್ಕು ದಿನ ಹಂಡೆಯ ಮುಂದೆ ನಿಂತಿದ್ದೆ. ಅದನ್ನು ಫೋಟೋ ಇಟ್ಟಿಗೆ ಎಂದರೆ ಸುಮ್ಮನಿರುವುದು ಹೇಗೆ?

ಫೋಟೋ ತೆಗೆದವಳು ಸೊಸೆ. “ಈ ಫೋನೇ ಸರಿ ಇಲ್ಲ ಅತ್ತೆ,” ಎಂದಳು.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಕೊಡಿಲ್ಲಿ, ನಾನೇ ಕಲೀತೀನಿ.”

ಬಲ್ಬಿನ ಬೆಳಕು ಹಳದಿ, ಕಿಟಕಿಯದು ನೀಲಿ. ಯಾವುದು ಬಿಳಿ ಎಂದು ಫೋನಿಗೆ ನಾವೇ ಹೇಳಿಕೊಡಬೇಕು. ಅದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಪಕ್ಕದಲ್ಲೊಂದು ಬಿಳಿ ವಸ್ತು ಇಟ್ಟು, ಫೋಟೋದಲ್ಲಿ ಅದರ ಮೇಲೆ ಬೆರಳೊತ್ತಿದರೆ ಉಳಿದ ಬಣ್ಣಗಳು ದಾರಿಗೆ ಬರುತ್ತವಂತೆ. ಬಲ್ಬು ಆರಿಸಿ ಶಾಲನ್ನು ಕಿಟಕಿಯ ಬಳಿ ಹಾಸಿದೆ. ಮನೆಯಲ್ಲೇ ಅತಿ ಬಿಳಿಯ ಕರವಸ್ತ್ರ ಪಕ್ಕದಲ್ಲಿಟ್ಟೆ. ಬೆರಳೊತ್ತಿದರೆ, ಮತ್ತದೇ ಇಟ್ಟಿಗೆ! ಮೂಲೆಯಲ್ಲಿ ಮಲಗಿದ್ದ ಬೂದು ಬೆಕ್ಕೂ ಮರಳಿನ ಬಣ್ಣಕ್ಕೆ ತಿರುಗಿತ್ತು.

“ಬೆಕ್ಕನ್ನೂ ಹಂಡೆಗೆ ಅದ್ದಿದ್ರಾ ಅತ್ತೆ?”

ನಗಲಿ ಬಿಡು ಎಂದು ಹನ್ನೊಂದು ಸಲ ತೆಗೆದೆ. ಹನ್ನೆರಡನೆಯದಕ್ಕೆ ಕರವಸ್ತ್ರದ ಸುಕ್ಕು ಬಿಡಿಸುವಾಗ ನೆನಪಾಯಿತು: ಒಗೆದು ಅದಕ್ಕೆ ನೀಲಿ ಹಾಕಿದವಳು ನಾನೇ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆ ನೀಲಿಯನ್ನೇ ಬಿಳಿ ಎಂದು ನಂಬಿದ ಫೋನು, ನೀಲಿ ಕಳೆಯಲು ಹೋಗಿ ಎಲ್ಲದಕ್ಕೂ ಹಳದಿ ಬಳಿದಿತ್ತು.

ನಲ್ಲಿ ರಿಪೇರಿ ಮಾಡುವ ಮೈದುನನ ಚೀಲಕ್ಕೆ ಕೈ ಹಾಕಿದೆ. ನೀರು ಸೋರದಂತೆ ನಲ್ಲಿಗೆ ಸುತ್ತುವ ಬಿಳಿ ಟೇಪು ಸಿಕ್ಕಿತು. ಹಿಂದೊಮ್ಮೆ ಅದಕ್ಕೆ ಬಣ್ಣ ಹತ್ತಿಸಲು ಹೋಗಿ ಸೋತಿದ್ದೆ. ಯಾವುದಕ್ಕೂ ಜಗ್ಗದ ಬಿಳಿ ಅದು. ರಟ್ಟಿನ ತುಂಡಿಗೆ ದಪ್ಪಗೆ ಸುತ್ತಿದೆ.

“ಯಾಕೆ ಅತ್ತಿಗೆ, ಶಾಲು ಸೋರ್ತಿದೆಯಾ?”

“ಸೋರ್ತಿರೋದು ಮಾನ ಕಣಪ್ಪಾ. ಬೆಳಕಿಗೆ ಅಡ್ಡ ನಿಲ್ಬೇಡ.”

ಬೆರಳೊತ್ತಿದೆ. ಮೊದಲು ಬೆಕ್ಕು ಬೂದಾಯಿತು. ಆಮೇಲೆ ಶಾಲು ನೋಡಿದೆ, ಫೋನು ನೋಡಿದೆ: ಎರಡರಲ್ಲೂ ನನ್ನ ದ್ರಾಕ್ಷಿ.

ವಾಪಸ್ ಬಂದ ಮೂರನ್ನೂ ಹೊಸ ಫೋಟೋ ಹಾಕಿ ಮಾರಿದೆ. ಮೂರೂ ಹೋದಲ್ಲೇ ಉಳಿದವು. ವಾರ ಕಳೆದು ಮ್ಯಾನೇಜರಮ್ಮನ ಫೋನು: “ಅಜ್ಜಿ, ಅದೇ ಬಣ್ಣದ್ದು ಇನ್ನೆರಡು ಕೇಳ್ತಿದಾರೆ.”

“ನಾಲ್ಕು ದಿನ ಬೇಕು,” ಎಂದೆ. ಎಂದವಳೇ ಹಂಡೆಗೆ ನೀರು ತುಂಬಿದೆ.