ಭೂಗೋಳಕ್ಕೆ ಮಾತ್ರ ಮಂಜೂರಾದ ಕುರ್ಚಿ

ನಮ್ಮ ಶಾಲೆಯ ತರಗತಿಗಳಲ್ಲಿ ಕುರ್ಚಿ ಇಲ್ಲ. ಮಕ್ಕಳಿಗೆ ಬೆಂಚುಗಳಿವೆ, ಗೋಡೆಗೆ ಗಡಿಯಾರವಿದೆ, ಮೂಲೆಯಲ್ಲಿ ಕ್ಯಾಮೆರಾ ಇದೆ, ಕಪ್ಪುಹಲಗೆಯ ಮೇಲೆ ಸ್ಪೀಕರ್ ಇದೆ. ಪಾಠ ಮಾಡುವವರಿಗೆ ಮಾತ್ರ ಕೂರಲು ಏನೂ ಇಲ್ಲ. ಈಗಿನ ಪ್ರಿನ್ಸಿಪಾಲರು ನಾಲ್ಕು ವರ್ಷದ ಹಿಂದೆ ಬಂದ ವಾರವೇ ಕುರ್ಚಿಗಳನ್ನೆಲ್ಲ ಎತ್ತಿಸಿ, ಒಂದರ ಮೇಲೊಂದು ಪೇರಿಸಿ, ಉಗ್ರಾಣಕ್ಕೆ ಬೀಗ ಹಾಕಿಸಿದರು. ಕೂತ ಶಿಕ್ಷಕ ಅಂದರೆ ಮಲಗಿದ ಶಿಕ್ಷಕ ಎಂದು ಸಭೆಯಲ್ಲಿ ಹೇಳಿದರು. ಹಾಗೆ ಹೇಳುವಾಗ ಅವರು ಕೂತಿದ್ದರು. ಅವರದು ಬೆನ್ನಿಗೆ ಮೆತ್ತೆ ಇರುವ, ಬೇಕಾದ ಕಡೆಗೆ ತಿರುಗುವ ಕುರ್ಚಿ.

ನಾನು ಭೂಗೋಳದ ಮೇಷ್ಟ್ರು. ವಯಸ್ಸು ಐವತ್ತನಾಲ್ಕು. ಬಲಗಾಲಿನ ಮಂಡಿ ಮಾತ್ರ ನನಗಿಂತ ಹಿರಿಯದು. ದಿನಕ್ಕೆ ಆರು ಪೀರಿಯಡ್ ನಿಂತರೆ ಸಂಜೆ ಅದು ಒಳಗಿನಿಂದ ಕಟಕಟ ಎಂದು ಮಾತಾಡುತ್ತದೆ. ನನ್ನ ಹೆಂಡತಿಗೆ ಅದು ಅಡುಗೆಮನೆಯವರೆಗೂ ಕೇಳಿಸುತ್ತದಂತೆ.

ಕುರ್ಚಿ ಹೋದ ಮೇಲೆ ನಾವು ಸುಮ್ಮನೆ ಇದ್ದೆವೆಂದಲ್ಲ. ಕೂರುವುದಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿಕೊಂಡೆವು. ಇತಿಹಾಸದ ಮೇಷ್ಟ್ರು ಪ್ರತಿ ಪಾಠವನ್ನೂ ನಾಟಕವಾಗಿ ಆಡಿಸತೊಡಗಿದರು. ರಾಜನ ಪಾತ್ರ ಯಾವಾಗಲೂ ಅವರದೇ, ಯಾಕೆಂದರೆ ರಾಜ ಕೂರಬೇಕಲ್ಲ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ನಲವತ್ತು ನಿಮಿಷ ರಾಜ್ಯಭಾರ ಮಾಡುತ್ತಿದ್ದರು. ಕ್ರಾಂತಿಯ ಪಾಠ ಬಂದಾಗ ಫಜೀತಿಗಿಟ್ಟುಕೊಂಡಿತು. ಜನರೆಲ್ಲ ಅರಮನೆಗೆ ನುಗ್ಗಿದರೂ ಇವರು ಬಕೆಟ್ಟಿನಿಂದ ಏಳಲಿಲ್ಲ. ಆ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ಕ್ರಾಂತಿ ವಿಫಲವಾಯಿತು ಎಂದೇ ಬರೆದರು.

ನಾನು ಗೋಳ ಹಿಡಿದುಕೊಂಡೆ. ಗೋಳವನ್ನು ನೆಲದ ಮೇಲಿಟ್ಟರೆ ಅದರ ಕೆಳಭಾಗ ತೋರಿಸಲು ಕಪ್ಪುಹಲಗೆಯ ಮುಂದಿನ ಕಟ್ಟೆಯ ಅಂಚಿನಲ್ಲಿ ಕೂರಲೇಬೇಕು. ಹೀಗಾಗಿ ಮೂರು ವಾರ ಅಂಟಾರ್ಕ್ಟಿಕಾ ಪಾಠ ಮಾಡಿದೆ. ನಮ್ಮ ಮಕ್ಕಳಿಗೆ ತಮ್ಮ ಬೀದಿಯ ಹೆಸರು ಗೊತ್ತಿಲ್ಲದಿದ್ದರೂ ಪೆಂಗ್ವಿನ್ ಕಾಲ ಮೇಲೆ ಮೊಟ್ಟೆ ಇಟ್ಟುಕೊಂಡು ಎಷ್ಟು ದಿನ ನಿಲ್ಲುತ್ತದೆ ಎನ್ನುವುದು ಬಾಯಿಪಾಠ. ಪೆಂಗ್ವಿನ್ನಿಗೂ ಕುರ್ಚಿ ಇಲ್ಲ ಎಂದು ಪ್ರಿನ್ಸಿಪಾಲರು ಆ ಪಾಠವನ್ನು ಮೆಚ್ಚಿಕೊಂಡಿದ್ದರು.

ಇಂಥ ಹೊತ್ತಿನಲ್ಲಿ ಗಣಿತದ ಮೇಡಂ ಶಿಕ್ಷಕರ ಸಂಘದ ಅರ್ಜಿ ಹಿಡಿದು ಬಂದರು. ಅವರ ಲೆಕ್ಕ ಸರಳವಾಗಿತ್ತು. ಶಾಲೆಯಲ್ಲಿ ಹತ್ತೊಂಬತ್ತು ಜನ ಇದ್ದೇವೆ. ಹತ್ತು ಜನ ಸಂಘ ಸೇರಿದರೆ ಅರ್ಧಕ್ಕಿಂತ ಹೆಚ್ಚಾಗುತ್ತದೆ, ಆಗ ಆಡಳಿತ ಮಂಡಳಿ ನಮ್ಮ ಜೊತೆ ಮಾತುಕತೆಗೆ ಬರಲೇಬೇಕು. ಮೊದಲ ಬೇಡಿಕೆ ಕುರ್ಚಿ. ಮೊದಲ ವಾರದಲ್ಲೇ ಒಂಬತ್ತು ಸಹಿ ಬಿದ್ದವು. ಇನ್ನೊಂಬತ್ತು ಜನ ಸಾಧ್ಯವೇ ಇಲ್ಲ ಎಂದು ಕೈಮುಗಿದರು. ಉಳಿದವನು ನಾನೊಬ್ಬ.

"ಯೋಚಿಸಿ ಹೇಳ್ತೀನಿ ಮೇಡಂ," ಅಂದೆ.

ಹಾಗೆ ಅಂದು ಹನ್ನೊಂದು ವಾರ ಕಳೆಯಿತು. ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಯೋಚನೆ ಮೇಷ್ಟ್ರು ಎಂದು ಕರೆಯುವುದು ನನಗೆ ಗೊತ್ತಿತ್ತು. ಮೀನಮೇಷ ಎಣಿಸುವುದಕ್ಕೆ ನನಗೂ ಕಾರಣವಿತ್ತು. ಕಳೆದ ವರ್ಷ ಪ್ರಿನ್ಸಿಪಾಲರಿಗೆ ಎದುರು ಮಾತಾಡಿದ ಆಟದ ಮೇಷ್ಟ್ರನ್ನು ಒಂದನೇ ತರಗತಿಗೆ ಹಾಕಿದ್ದರು. ಆರಡಿ ಎತ್ತರದ ಆ ಮನುಷ್ಯ ಬೆಳಗಿನಿಂದ ಸಂಜೆವರೆಗೆ ನಲವತ್ತು ಮಕ್ಕಳ ಶೂ ಲೇಸು ಕಟ್ಟುತ್ತಾರೆ. ಕೊನೆಯವನದು ಕಟ್ಟುವಷ್ಟರಲ್ಲಿ ಮೊದಲನೆಯವನದು ಬಿಚ್ಚಿರುತ್ತದೆ. ನನ್ನನ್ನು ಅಲ್ಲಿಗೆ ಹಾಕಿದರೆ ನಾನು ಒಮ್ಮೆ ಬಗ್ಗಿದವನು ಮತ್ತೆ ಎದ್ದೇಳುವ ಭರವಸೆ ಇರಲಿಲ್ಲ. ಸರಿಯಾಗಿ ಹೇಳಬೇಕೆಂದರೆ ನನಗೆ ಹೆದರಿಕೆ. ಹೆದರಿಕೆ ಅನ್ನುವ ಬದಲು ಯೋಚನೆ ಅನ್ನುತ್ತಿದ್ದೆ, ಅಷ್ಟೇ.

ನನ್ನ ಹೆಂಡತಿ ಬಸ್ ಕಂಡಕ್ಟರ್. ಹದಿನೆಂಟು ವರ್ಷದಿಂದ ಅವರ ಸಂಘದ ಸದಸ್ಯೆ. ಅವಳಿಗೆ ನನ್ನ ಯೋಚನೆಗಳ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ.

"ಬಸ್ಸಲ್ಲಿ ಕಂಡಕ್ಟರ್ ಸೀಟು ಅಂತ ಒಂದಿದೆಯಲ್ಲ, ಅದು ಮೊದಲಿಂದ ಇತ್ತು ಅನ್ಕೊಂಡ್ರಾ?" ಎಂದು ಕೇಳಿದಳು.

"ಇರಲಿಲ್ವಾ?"

"ಕೇಳಿದ್ವಿ, ಕೊಟ್ರು. ಒಬ್ಬೊಬ್ರೇ ಕೇಳಿದಾಗ ಮುಂದಿನ ಸ್ಟಾಪಲ್ಲಿ ಇಳ್ಕೋ ಅಂದಿದ್ರು."

"ಅದು ಬಸ್ಸು ಕಣೇ. ಇದು ವಿದ್ಯಾಸಂಸ್ಥೆ."

"ಎರಡೂ ಕಡೆ ನಿಂತಿರೋರು ನಾವೇ," ಅಂದಳು. ಆಮೇಲೆ ಮಂಡಿಗೆ ಎಣ್ಣೆ ತಿಕ್ಕಿದಳು. ಸ್ವಲ್ಪ ಜೋರಾಗಿಯೇ ತಿಕ್ಕಿದಳು.

ಮರುದಿನ ಪ್ರಿನ್ಸಿಪಾಲರು ಕರೆಸಿದರು. ಅವರ ಎದುರು ಎರಡು ಗೋಡೆ ತುಂಬ ಪರದೆಗಳು, ಅವುಗಳಲ್ಲಿ ಎಲ್ಲ ತರಗತಿಗಳು. ಅವರು ತಿರುಗುವ ಕುರ್ಚಿಯಲ್ಲಿ ಆರನೇ ತರಗತಿಯಿಂದ ಹತ್ತನೇ ತರಗತಿವರೆಗೆ ಒಮ್ಮೆ ತಿರುಗಿ ಬಂದು ನನ್ನ ಮುಂದೆ ನಿಂತರು. ನಿಂತರು ಅಂದರೆ ಕುರ್ಚಿ ನಿಂತಿತು.

"ನಿಮ್ಮ ಮಂಡಿ ಹೇಗಿದೆ ಸಾರ್?"

ನಾಲ್ಕು ವರ್ಷದಲ್ಲಿ ಅವರು ನನ್ನ ಮಂಡಿಯನ್ನು ವಿಚಾರಿಸಿದ್ದು ಅದೇ ಮೊದಲು. "ಪರವಾಗಿಲ್ಲ ಸಾರ್" ಅಂದೆ. ಮಂಡಿ ಕಟ್ ಅಂದಿತು.

"ನಾನೇನು ಕಲ್ಲು ಮನಸ್ಸಿನವನಲ್ಲ," ಎಂದು ಒಂದು ಕಾಗದ ಮುಂದೆ ತಳ್ಳಿದರು. ಆರೋಗ್ಯದ ಕಾರಣದಿಂದ ಭೂಗೋಳದ ಶಿಕ್ಷಕರಿಗೆ ಒಂದು ಕುರ್ಚಿಯನ್ನು ಮಂಜೂರು ಮಾಡಲಾಗಿದೆ, ಇದನ್ನು ಬೇರೆ ವಿಷಯದವರು ಬಳಸತಕ್ಕದ್ದಲ್ಲ ಎಂದು ಬರೆದಿತ್ತು. ಮೊಹರು ಇತ್ತು. "ನೀವು ಏನೇ ಮಾಡಿದ್ರೂ ಯೋಚನೆ ಮಾಡಿ ಮಾಡೋರು. ಆ ಸಂಘದ ವಿಷಯದಲ್ಲೂ ಯೋಚನೆ ಮಾಡ್ತಿದ್ದೀರಂತೆ. ಬಹಳ ಸಂತೋಷ. ಹಾಗೇ ಮಾಡ್ತಾನೇ ಇರಿ."

ನಾನು ಹಲ್ಲು ಗಿಂಜಿ ಕಾಗದ ತೆಗೆದುಕೊಂಡೆ. ಹಲ್ಲು ಗಿಂಜಿದ್ದನ್ನು ಇವತ್ತಿಗೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಕುರ್ಚಿ ನೀಲಿ ಬಣ್ಣದ ಪ್ಲಾಸ್ಟಿಕ್ಕಿನದು. ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಭೂಗೋಳ ಎಂದು ಬರೆಸಿದ್ದರು. ಮೊದಲ ಪೀರಿಯಡ್ಡಿನಲ್ಲಿ ಕೂತಾಗ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ಗಂಟೆ ಹೊಡೆದಾಗ ತೊಂದರೆ ಶುರುವಾಯಿತು. ಕುರ್ಚಿಯನ್ನು ತರಗತಿಯಲ್ಲೇ ಬಿಟ್ಟರೆ ಮುಂದೆ ಬರುವ ವಿಜ್ಞಾನದವರು ಕೂರುತ್ತಾರೆ, ಅದು ನಿಯಮಕ್ಕೆ ವಿರುದ್ಧ. ಹಾಗಾಗಿ ನಾನೇ ಅದನ್ನು ಹೊರಬೇಕು. ನೆಲಮಹಡಿಯಿಂದ ಮೂರನೇ ಮಹಡಿಗೆ, ಅಲ್ಲಿಂದ ಒಂದನೆಯದಕ್ಕೆ, ಮತ್ತೆ ಮೂರನೆಯದಕ್ಕೆ. ಒಂದು ಕೈಯಲ್ಲಿ ನಕ್ಷೆ, ಕಂಕುಳಲ್ಲಿ ಗೋಳ, ತಲೆಯ ಮೇಲೆ ಕುರ್ಚಿ. ಮೆಟ್ಟಿಲಲ್ಲಿ ಮಕ್ಕಳು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು. "ಗುಡ್ ಮಾರ್ನಿಂಗ್ ಸಾರ್" ಎನ್ನುವವರಿಗೆ ತಲೆಯಾಡಿಸಿದರೆ ಕುರ್ಚಿ ಬೀಳುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಇತಿಹಾಸದ ಮೇಷ್ಟ್ರು ನಾನು ಒಳಗೆ ಬಂದಾಗಲೆಲ್ಲ ಬಾಗಿ ನಮಸ್ಕಾರ ಮಾಡುತ್ತಿದ್ದರು. ಗಣಿತದ ಮೇಡಂ ಅರ್ಜಿಯನ್ನು ಪುಸ್ತಕದ ಒಳಗಿಟ್ಟು ಪುಸ್ತಕ ಮುಚ್ಚಿದರು. ಹತ್ತನೇ ದಿನ ಹೆಂಡತಿ ನನ್ನ ನಡಿಗೆಯನ್ನೇ ನೋಡಿ, "ಕುರ್ಚಿ ಸಿಕ್ಕ ಮೇಲೆ ಕುಂಟೋದು ಜಾಸ್ತಿ ಆಯ್ತಲ್ಲ," ಅಂದಳು. ಕೂತು ಸುಧಾರಿಸಿಕೊಂಡಷ್ಟನ್ನೂ ಕುರ್ಚಿ ಹೊತ್ತು ಕಳೆದುಕೊಳ್ಳುತ್ತಿದ್ದೆ. ಅದನ್ನು ಒಪ್ಪಿಕೊಳ್ಳಲು ನನ್ನ ಜಂಬ ಬಿಡಲಿಲ್ಲ.

ಹನ್ನೆರಡನೇ ದಿನ, ಮೂರನೇ ಮಹಡಿಯ ಎಂಟನೇ ಬಿ ವಿಭಾಗದಲ್ಲಿ ನನ್ನ ಪಾಠ ಮುಗಿಯಿತು. ಮುಂದಿನ ಪೀರಿಯಡ್ ಇಂಗ್ಲಿಷ್ ಮೇಡಮ್ಮರದು. ಅವರು ಏಳು ತಿಂಗಳ ಬಸುರಿ. ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತರು. ಮಾತಾಡಲು ಉಸಿರು ಸಾಲದೆ ಮಕ್ಕಳಿಗೆ ಕೈಯಲ್ಲೇ ಕೂರಿ ಎಂದು ಸನ್ನೆ ಮಾಡಿದರು. ನಾನು ಕುರ್ಚಿ ಎತ್ತಿ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದವನು ಹಾಗೇ ಇಳಿಸಿದೆ.

"ಕೂತ್ಕೊಳ್ಳಿ ಮೇಡಂ."

"ಬೇಡ ಸಾರ್. ಅದು ನಿಮ್ಮದು."

"ಎರಡು ನಿಮಿಷ ಕೂತ್ಕೊಳ್ಳಮ್ಮ."

ಅವರು ಕೂತರು. ಅವರ ಮುಖದಲ್ಲಿ ಬಂದ ನೆಮ್ಮದಿ ನೋಡಿ ಇಡೀ ತರಗತಿ ಉಸಿರು ಬಿಟ್ಟಿತು. ಅಷ್ಟರಲ್ಲಿ ಕಪ್ಪುಹಲಗೆಯ ಮೇಲಿನ ಸ್ಪೀಕರ್ ಕೆಮ್ಮಿತು.

"ಎಂಟನೇ ಬಿ ಗಮನಿಸಿ. ಆ ಕುರ್ಚಿ ಭೂಗೋಳಕ್ಕೆ ಮಾತ್ರ ಮಂಜೂರಾಗಿದೆ. ಇಂಗ್ಲಿಷಿಗೆ ಅನ್ವಯಿಸುವುದಿಲ್ಲ."

ಮೇಡಂ ಮೇಜು ಹಿಡಿದು ಏಳಲು ಹೊರಟರು. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಕೈ ಎತ್ತಿದಳು. "ಮಿಸ್, ನೀವು ಭೂಗೋಳ ಮಾಡಿದ್ರೆ ಕೂತ್ಕೋಬಹುದಲ್ವಾ?"

ಮೇಡಂ ನನ್ನ ಮುಖ ನೋಡಿದರು. ಆಮೇಲೆ ಕ್ಯಾಮೆರಾ ನೋಡಿದರು. ಮತ್ತೆ ಕೂತು, ಮೇಜಿನ ಮೇಲಿದ್ದ ಕೋಲು ಎತ್ತಿ, ನಾನು ಇನ್ನೂ ತೆಗೆಯದಿದ್ದ ನಕ್ಷೆಯತ್ತ ಚಾಚಿದರು.

"ಮಕ್ಕಳೇ, ಇದು ಮರುಭೂಮಿ," ಅಂದರು. ಕೋಲು ಸಮುದ್ರದ ನಟ್ಟನಡುವೆ ಇತ್ತು. "ಇಲ್ಲಿ ನೀರಿನ ಅಭಾವ. ಈ ನದಿ ಇಲ್ಲಿಂದ ಹೊರಟು, ಹೀಗೆ ಬೆಟ್ಟ ಹತ್ತಿ, ಆ ಕಡೆ ಇಳಿಯುತ್ತೆ."

ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ನಾನು ನದಿ ಬೆಟ್ಟ ಹತ್ತುವುದನ್ನು ನಾಲಿಗೆ ಕಚ್ಚಿಕೊಂಡು ನೋಡಿದೆ. ಮಕ್ಕಳು ಶಿಸ್ತಾಗಿ ಬರೆದುಕೊಂಡರು. ಸ್ಪೀಕರ್ ಬಹಳ ಹೊತ್ತು ಗೊರಗೊರ ಅಂದು, "ಪರಿಶೀಲಿಸಲಾಗುವುದು," ಎಂದು ಸುಮ್ಮನಾಯಿತು.

ಪರಿಶೀಲಿಸಲು ಪ್ರಿನ್ಸಿಪಾಲರು ತಾವೇ ಬಂದರು. ಮೂರು ಮಹಡಿ ಹತ್ತಿ ಅವರಿಗೆ ಅಭ್ಯಾಸವಿರಲಿಲ್ಲ. ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು, ಟೈ ಭುಜದ ಮೇಲೆ, ಮುಖ ಟೊಮೆಟೊ. ಅಭ್ಯಾಸಬಲದಿಂದ ಕೂರಲು ಏನಾದರೂ ಇದೆಯೇ ಎಂದು ಹಿಂದೆ ಮುಂದೆ ಕೈಯಾಡಿಸಿದರು. ಇಂಗ್ಲಿಷ್ ಮೇಡಂ ಒಳ್ಳೆಯವರು, ಪಾಪ ಅನ್ನಿಸಿ ಅರ್ಧ ಎದ್ದರು.

"ಸಾರ್, ಅದು ಭೂಗೋಳಕ್ಕೆ ಮಾತ್ರ," ಅಂದಳು ಎರಡು ಜಡೆಯ ಹುಡುಗಿ. ಅವಳು ತಮಾಷೆಗೆ ಹೇಳಲಿಲ್ಲ. ನಿಯಮ ಗೊತ್ತಿಲ್ಲದವರಿಗೆ ನಿಯಮ ತಿಳಿಸಿದಳು.

ಪ್ರಿನ್ಸಿಪಾಲರು ಗೋಡೆಗೆ ಒರಗಿ ಸುಧಾರಿಸಿಕೊಂಡು ನನ್ನತ್ತ ತಿರುಗಿದರು. "ನೋಡಿ ಸಾರ್, ಎರಡೇ ದಾರಿ. ಮೇಡಮ್ಮರನ್ನ ಎಬ್ಬಿಸಿ ಕುರ್ಚಿ ತಗೊಂಡು ಹೋಗಿ. ಇಲ್ಲಾಂದ್ರೆ ಮಂಜೂರಾತಿ ಪತ್ರ ವಾಪಸ್ ಕೊಡಿ."

ಯೋಚಿಸಿ ಹೇಳ್ತೀನಿ ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಮಕ್ಕಳೂ ಅದನ್ನೇ ಕಾಯುತ್ತಿದ್ದರು, ಹಿಂದಿನ ಬೆಂಚಿನ ಇಬ್ಬರ ತುಟಿ ಆಗಲೇ ಅಲ್ಲಾಡುತ್ತಿತ್ತು. ನಾನು ಮೇಡಮ್ಮರ ಕಾಲು ನೋಡಿದೆ. ಬಾತುಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗಿತ್ತು. ಎಷ್ಟೋ ವಾರದಿಂದ ಅವರು ನನ್ನ ಮುಂದೆಯೇ ಓಡಾಡಿದ್ದರು, ನಾನು ನನ್ನ ಮಂಡಿ ಬಿಟ್ಟು ಬೇರೆ ಯಾರ ಕಾಲನ್ನೂ ನೋಡಿರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಜೇಬಿನಿಂದ ಪತ್ರ ತೆಗೆದು ಕೊಟ್ಟೆ. ಪ್ರಿನ್ಸಿಪಾಲರು ಮೇಡಮ್ಮರನ್ನು ಎಬ್ಬಿಸಿ ಕುರ್ಚಿ ಎತ್ತಿಕೊಂಡರು. ಮೂರು ಮಹಡಿ ಅವರೇ ಇಳಿಸಬೇಕಾಯಿತು. ಎರಡನೇ ಮಹಡಿಯ ತಿರುವಿನಲ್ಲಿ ಅವರು ಅದರ ಮೇಲೆ ಸ್ವಲ್ಪ ಹೊತ್ತು ಕೂತಿದ್ದರು ಎಂದು ಆಮೇಲೆ ಗೊತ್ತಾಯಿತು.

ನಾನು ಸೀದಾ ಸ್ಟಾಫ್ ರೂಮಿಗೆ ಹೋಗಿ ಗಣಿತದ ಮೇಡಂ ಮುಂದೆ ಕೈ ಚಾಚಿದೆ. ಅವರು ಪುಸ್ತಕ ಬಿಚ್ಚಿ ಅರ್ಜಿ ಕೊಟ್ಟರು. ಸಹಿ ಹಾಕುವಾಗ ಒಂದನೇ ತರಗತಿಯ ಎಂಬತ್ತು ಶೂಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಆದರೂ ಹಾಕಿದೆ. ಇತಿಹಾಸದ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಮೇಡಂ ಅರ್ಜಿಯನ್ನು ಆಗಲೇ ಆಡಳಿತ ಮಂಡಳಿಗೆ ಕೊಟ್ಟರು, ಸಂಜೆಯೊಳಗೆ ಉತ್ತರವೂ ಬಂತು. ಮಾತುಕತೆಗೆ ಒಪ್ಪಿದ್ದಾರೆ, ಮೊದಲ ಸಭೆ ಮುಂದಿನ ತಿಂಗಳ ಕೊನೆಯಲ್ಲಿ.

ಶಾಲೆ ಬಿಡುವ ಮುಂಚೆ ಇಂಗ್ಲಿಷ್ ಮೇಡಂ ಸಿಕ್ಕರು. ನಾನು ದೊಡ್ಡ ಸಾಹಸ ಮಾಡಿದವನ ಗತ್ತಿನಲ್ಲಿ, "ಸಹಿ ಹಾಕಿಬಿಟ್ಟೆ ಮೇಡಂ. ಇನ್ನು ನಿಮಗೂ ಕುರ್ಚಿ ಬರುತ್ತೆ," ಅಂದೆ.

"ಬರಲಿ ಸಾರ್, ಒಳ್ಳೇದು." ಅವರು ನಗುತ್ತಲೇ ಲೆಕ್ಕ ಹಾಕಿದರು. "ಸಭೆ ಹೊತ್ತಿಗೆ ನಾನು ಹೆರಿಗೆ ರಜೆಗೆ ಹೋಗಿರ್ತೀನಿ. ನೀವು ಮೊದಲನೇ ವಾರವೇ ಸಹಿ ಹಾಕಿದ್ದಿದ್ರೆ ಈ ಕೊನೇ ತಿಂಗಳಾದ್ರೂ ಕೂತ್ಕೋಬಹುದಿತ್ತು."

ಅವರ ಮಾತಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನಾನೂ ಎರಡು ಮಾತಾಡಿ ಹಗುರಾಗಬಹುದಿತ್ತು. ಗತ್ತೆಲ್ಲ ಇಳಿದುಹೋಯಿತು.

ಮರುದಿನದಿಂದ ನನಗೆ ಬಿಡುವಿದ್ದ ನಾಲ್ಕನೇ ಪೀರಿಯಡ್ಡಿನಲ್ಲಿ ಅವರ ಏಳನೇ ತರಗತಿಯನ್ನು ನಾನು ತೆಗೆದುಕೊಂಡೆ. ಆ ಹೊತ್ತು ಅವರು ಸ್ಟಾಫ್ ರೂಮಿನ ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಕ್ಕಳು ಓದುವುದನ್ನು ನಿಲ್ಲಿಸಿ ನನ್ನ ಉಚ್ಚಾರಣೆ ತಿದ್ದುತ್ತಾರೆ. ಮಂಡಿ ಕಟಕಟ ಅನ್ನುತ್ತದೆ. ಅವರು ರಜೆಗೆ ಹೋಗಲು ಇನ್ನು ಇಪ್ಪತ್ತೆರಡು ದಿನ ಇದೆ, ಅಲ್ಲಿಯವರೆಗೆ ನಾನೇ ನಿಲ್ಲುತ್ತೇನೆ.