ಗಂಗಹನುಮಕ್ಕನ ಚಿಪ್ಪು

"ಹೋಳು ಮಾಡ್ಬುಟ್ಯೇನೇ ಲೌಡಿ. ಹನ್ನೊಂದು ತಿಂಗ್ಳು ಅಟ್ಟದ್ ಮೇಲೆ ಮಗೀನಂಗೆ ಕಾಪಾಡಿದ್ದು, ಒಂದೇ ಏಟ್ಗೆ ಎಲ್ಡು ಹೋಳು. ಕಾಲಲ್ಲಿ ಒದ್ಯೋಳ್ಗೆ ದೇವ್ರು ಕೈ ಯಾಕಾದ್ರೂ ಕೊಟ್ನೋ."

ಲಕ್ಷ್ಮೀನರಸಿಂಹಯ್ಯ ಒಡೆದ ಕೊಬ್ಬರಿಯ ಹೋಳನ್ನು ಇಂಪನಾಳ ಮಡಿಲಿಗೆ ಎಸೆದ. ಅವಳು ತಲೆ ಎತ್ತಲಿಲ್ಲ. ಇನ್ನೊಂದು ಕಾಯಿ ಎಡಗೈಗೆ ತೆಗೆದುಕೊಂಡು ಕತ್ತಿಯ ಹಿಂಬದಿಯಿಂದ ಬಡಿದಳು. ಚಿಪ್ಪು ಒಡೆಯಬೇಕು, ಒಳಗಿನ ಉಂಡೆ ಕೊಬ್ಬರಿಗೆ ಗೀರು ಕೂಡ ಬೀಳಬಾರದು. ಗುಬ್ಬಿ ಸೀಮೆಯಲ್ಲಿ ಕೊಬ್ಬರಿ ಕೆಲಸ ಅಂದರೆ ಇಷ್ಟೇ, ಈ ಇಷ್ಟನ್ನು ಕಲಿಯುವುದರೊಳಗೆ ಹೆಂಗಸರ ಬೆರಳುಗಳು ಗುರುತು ಸಿಗದ ಹಾಗೆ ಆಗಿರುತ್ತವೆ.

ಹದಿನೈದು ದಿನದ ಹಿಂದೆ ಇದೇ ಹುಡುಗಿ ಬೆಂಗಳೂರಿನಲ್ಲಿ ಫುಟ್‌ಬಾಲ್ ಲೀಗಿನ ಕೊನೆಯ ಪಂದ್ಯದಲ್ಲಿ ಎರಡು ಗೋಲು ಹೊಡೆದಿದ್ದಳು. ಸೀಸನ್ನಿಗೆಲ್ಲ ಸೇರಿ ಹದಿನಾಲ್ಕು. ಅಂಗಿಯ ಬೆನ್ನಿಗೆ ಹತ್ತನೇ ನಂಬರು, ಎದೆಗೆ ಲಕ್ಷ್ಮೀನರಸಿಂಹಯ್ಯನ ಕ್ಲಬ್ಬಿನ ಮುದ್ರೆ. ಸೀಸನ್ ಮುಗಿದರೆ ಅದೇ ಲಕ್ಷ್ಮೀನರಸಿಂಹಯ್ಯನ ಕೊಬ್ಬರಿ ಅಂಗಳ. ಮ್ಯಾಚಿಲ್ಲದ ದಿನ ಪ್ಲೇಯರಿಗೆ ಕೂಳು ಯಾಕೆ ದಂಡ ಎನ್ನುವುದು ಅವನ ನ್ಯಾಯ.

ಕುಣಿಗಲ್ಲಿನ ಟೂರ್ನಮೆಂಟಿನಲ್ಲಿ ಅವಳು ಆಡಿದ್ದನ್ನು ಅವನು ನೋಡಿದಾಗ ಅವಳಿಗೆ ಹದಿನೈದು. ಮಾರನೆಯ ದಿನವೇ ಅವನ ಮೇಸ್ತ್ರಿ ತಿಮ್ಮರಾಜು ಇದೇ ಅಂಗಳಕ್ಕೆ ಕಾಗದ ಹಿಡಿದು ಬಂದ. ಅವ್ವ ಗಂಗಹನುಮಕ್ಕ ಕೊಬ್ಬರಿ ಒಡೆಯುತ್ತಿದ್ದ ಕೈಯನ್ನು ಸೀರೆಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಎಂಟು ವರ್ಷ ಅವನ ಕ್ಲಬ್ಬಿಗೇ ಆಡಬೇಕು ಅಂತ ಅದರಲ್ಲಿ ಬರೆದಿತ್ತು ಅನ್ನುವುದು ಅವ್ವನಿಗೆ ಗೊತ್ತಾದದ್ದು ಎಷ್ಟೋ ಆದ ಮೇಲೆ. ಇನ್ನೂ ಮೂರು ಬಾಕಿ.

"ಟೀ ಬಂತು ಬರ್ರೇ," ಎಂದು ಯಜಮಾನನ ಹೆಂಡತಿ ಭದ್ರಮ್ಮ ಜಗುಲಿಯಿಂದ ಕೂಗಿದಳು.

ಹೆಂಗಸರು ಎದ್ದು ಸೂರಿನ ಹೆಂಚಿನ ಸಂದಿಯಿಂದ ತಂತಮ್ಮ ತೆಂಗಿನ ಚಿಪ್ಪು ತೆಗೆದುಕೊಂಡರು. ಕಣ್ಣಿರುವ ಹೋಳು ಸೋರುತ್ತದೆ, ಅದಕ್ಕೇ ಎಲ್ಲರದ್ದೂ ಕೆಳಗಿನ, ಕಣ್ಣಿಲ್ಲದ ಹೋಳು. ಸಾಲಾಗಿ ಕೂತು ಎತ್ತಿ ಹಿಡಿದರು. ಭದ್ರಮ್ಮ ಜಗುಲಿಯ ಅಂಚಿನಲ್ಲಿ ನಿಂತು, ಒಂದು ಮೊಳ ಮೇಲಿನಿಂದ ಸುರಿದಳು. ಬಿಸಿ ಹನಿ ಸಿಡಿದು ಮುಂಗೈಗೆ ಬಿದ್ದರೂ ಯಾರೂ ಚಿಪ್ಪು ಕದಲಿಸಲಿಲ್ಲ.

"ಕುಡೀರಿ. ಸಕ್ಕರೆ ಹಾಕಿದೀನಿ. ನಮ್ಮನೇಲಿ ಭೇದ ಮಾಡಲ್ಲಪ್ಪ," ಎಂದಳು ಭದ್ರಮ್ಮ. ದಿನಾ ಅನ್ನುತ್ತಿದ್ದ ಮಾತೇ.

ಇಂಪನಾ ಏಳಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಬಾಯಾರಿ ಇದೇ ಜಗುಲಿಯ ಮೇಲಿದ್ದ ಚೊಂಬು ಎತ್ತಿ ನೀರು ಕುಡಿದಿದ್ದಳು. ಆ ಚೊಂಬನ್ನು ಹುಣಸೆಹಣ್ಣು, ಬೂದಿ ಹಾಕಿ ಅವ್ವನ ಕೈಲಿ ಮೂರು ಸಲ ಬೆಳಗಿಸಿದರು. ಆಮೇಲೆ ಅದನ್ನು ಕೋಲಿನಲ್ಲಿ ಎತ್ತಿ ಕೊಟ್ಟಿಗೆಗೆ ಹಾಕಿದರು. "ಮಗಳ್ಗೆ ಬುದ್ಧಿ ಕಲ್ಸು" ಎಂದು ಲಕ್ಷ್ಮೀನರಸಿಂಹಯ್ಯ ಅಂದಾಗ ಅವ್ವ ಎಲ್ಲರ ಮುಂದೆ ಅವಳ ಕೆನ್ನೆಗೆ ಬಾರಿಸಿದಳು. ಹೊಡೆದ ಕೈ ಅವ್ವನದಲ್ಲ ಎಂದು ಇಂಪನಾಳಿಗೆ ಅವತ್ತೇ ಗೊತ್ತಾಗಿತ್ತು. ಅವಳ ಹೆಸರನ್ನೂ ಅವನು ಎಂದೂ ಬಾಯಲ್ಲಿ ಹೇಳಿದವನಲ್ಲ. ಅವನ ಮೊಮ್ಮಗಳ ಹೆಸರೂ ಇಂಪನಾ. ಕಾಲೋನಿಯವರಿಗೆ ಆ ಹೆಸರು ಯಾಕೆ ಎಂದು ಅಂಗಳದಲ್ಲಿ ಅವಳನ್ನು 'ಕೆಂಪಿ' ಮಾಡಿದ್ದ.

ಕ್ಯಾಂಪಿಗೆಂದು ಮೊದಲ ಸಲ ಊರು ಬಿಟ್ಟಾಗ ಅವಳು ಸೂರಿನಿಂದ ಅವ್ವನ ಹಳೇ ಚಿಪ್ಪನ್ನು ಕದ್ದು ಬ್ಯಾಗಿಗೆ ಹಾಕಿಕೊಂಡಿದ್ದಳು. ಇಪ್ಪತ್ತು ವರ್ಷ ತುಟಿ ತಾಗಿ ಅದರ ಅಂಚು ಕರ್‍ರಗೆ ನುಣ್ಣಗಾಗಿತ್ತು. ಎಲ್ಲಿ ಆಡಲು ಹೋದರೂ ಬೂಟಿನ ಜೊತೆ ಅದೂ ಹೋಗುತ್ತಿತ್ತು. ಮ್ಯಾಚಿಗೆ ಮುಂಚೆ ಒಮ್ಮೆ ಮುಟ್ಟಿ ನೋಡುತ್ತಿದ್ದಳು. ದೇವರ ತಾಯತ ಅಂದುಕೊಂಡಿದ್ದರು ಜೊತೆಯ ಹುಡುಗಿಯರು. ಅದು ಸಿಟ್ಟು ಆರದ ಹಾಗೆ ಇಟ್ಟುಕೊಂಡದ್ದು.

ಕೇರಳದ ಒಂದು ದೊಡ್ಡ ಕ್ಲಬ್ಬು ಅವಳನ್ನು ಕರೆದಿತ್ತು. ಸುದ್ದಿ ತಂದವರು ಕೋಚ್ ಅಜ್ಮತುಲ್ಲಾ. ಮರಳೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು, ಹೊಲಿಗೆ ಬಿಟ್ಟ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಟ್ಟ ಮನುಷ್ಯ. ಆದರೆ ಹಳೆಯ ಕ್ಲಬ್ಬು ಬಿಟ್ಟುಕೊಟ್ಟಿದ್ದೇವೆ ಅಂತ ಒಂದು ಸೈನ್ ಹಾಕಬೇಕು. ಶನಿವಾರ ಸಂಜೆ ಆರರೊಳಗೆ ಅದು ಹೋಗದಿದ್ದರೆ ಕೇರಳವೂ ಇಲ್ಲ, ಏನೂ ಇಲ್ಲ.

ಅವತ್ತು ಸಂಜೆ ಇಂಪನಾ ಕಾಗದ ಹಿಡಿದು ಜಗುಲಿಯ ಕೆಳಗೆ ನಿಂತಳು.

"ಹಾಕ್ತೀನಿ ಕಣೆ, ನಾನೇನ್ ಬ್ಯಾಡ ಅಂದ್ನಾ," ಎಂದ ಲಕ್ಷ್ಮೀನರಸಿಂಹಯ್ಯ. "ಶನಿವಾರ ಬಟವಾಡಿ ಕಲ್ಯಾಣಮಂಟಪ್ದಲ್ಲಿ ಸನ್ಮಾನ ಮಡಗಿಸಿದೀನಿ ನಿಂಗೆ. ಟೀವಿಯೋರು ಬತ್ತಾರೆ. ಸ್ಟೇಜ್ ಮೇಲೇ ಸೈನ್ ಹಾಕ್ತೀನಿ. ಕಾಲೋನಿ ಹುಡ್ಗೀನ ಕೇರಳಕ್ಕೆ ಕಳ್ಸಿದ್ದು ಯಾರು ಅಂತ ನಾಕ್ ಜನಕ್ಕೆ ಗೊತ್ತಾಗ್ಲಿ. ಎಲೆಕ್ಷನ್ ಬತ್ತಾ ಐತೆ. ನಿಮ್ಮವ್ವನ್ನೂ ಕರ್ಕಂಡ್ ಬಾ. ಒಗ್ದಿರೋ ಸೀರೆ ಉಟ್ಕಂಡ್ ಬರಾಕೇಳು, ಕೊಬ್ರಿ ನಾತ ಹೊಡೀಬಾರ್ದು."

ಮನೆಗೆ ನಡೆಯುವಾಗ ಅವ್ವ ಅವಳ ಮೊಣಕೈ ಹಿಡಿದುಕೊಂಡಳು. "ಸುಮ್ಕಿದ್ಬುಡು ಕಣವ್ವ. ಇಷ್ಟ್ ದಿನ ಸೈಸ್ಕಂಡಿದೀಯ, ಇನ್ನೊಂದಿನ. ಸೈನ್ ಹಾಕಿಸ್ಕಂಡು ಹೊಂಟೋಗು. ತಿರುಗಿ ಈ ಕಡೀಕೆ ಬರಬ್ಯಾಡ."

"ನೀನು?"

"ನಂದೇನ್ ಬುಡು," ಎಂದಳು ಅವ್ವ.

ಶನಿವಾರ ಬಟವಾಡಿಯ ಕಲ್ಯಾಣಮಂಟಪದಲ್ಲಿ ಬ್ಯಾನರಿನ ತುಂಬ ಲಕ್ಷ್ಮೀನರಸಿಂಹಯ್ಯನೇ ಕೈ ಮುಗಿದಿದ್ದ. ಇಂಪನಾ ಮೂಲೆಯಲ್ಲಿ ಒಂದು ಹಿಡಿಯಷ್ಟಿದ್ದಳು. ಕಾಲೋನಿಯಿಂದ ಎರಡು ಬಸ್ಸಿನಲ್ಲಿ ಜನ ತುಂಬಿಸಿಕೊಂಡು ಬಂದಿದ್ದರು. ಕಾರ್ಯಕ್ರಮ ನಾಲ್ಕಕ್ಕೆ ಎಂದಿದ್ದರು, ಶುರುವಾದದ್ದು ಐದಕ್ಕೆ. ಅಜ್ಮತುಲ್ಲಾ ಮುಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಲೇ ಇದ್ದರು. ಸೈನ್ ಬಿದ್ದ ತಕ್ಷಣ ಫೋಟೊ ಹೊಡೆದು ಕಳಿಸಲು ಫೋನು ಕೈಯಲ್ಲೇ ಇತ್ತು.

ಸ್ಟೇಜಿನಲ್ಲಿ ಅವ್ವ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಯಾರಾದರೂ ಏಳು ಅಂದರೆ ಏಳುವ ಹಾಗೆ. ಲಕ್ಷ್ಮೀನರಸಿಂಹಯ್ಯ ಮೇಜಿನ ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡ.

"ನಮ್ಮ ಇಂಪನಾ," ಎಂದ. "ನಮ್ಮ ಮನೆ ಮಗಳು. ನಮ್ಮ ಅಂಗಳದಲ್ಲೇ ಆಡಿ ಬೆಳೆದವಳು. ನಮ್ಮಲ್ಲಿ ಜಾತಿ ಗೀತಿ ಇಲ್ಲ ಸ್ವಾಮಿ. ಅವರು ಕುಡಿದಿದ್ದೇ ನಾವು ಕುಡಿಯೋದು, ನಾವು ತಿಂದಿದ್ದೇ ಅವರು ತಿನ್ನೋದು."

ಕಾಲೋನಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು ಕೇಳಿದ ಇಂಪನಾಳಿಗೆ ಎಂಜಲು ಮೈಗೆ ಸಿಡಿದಂತಾಯಿತು.

ಅಷ್ಟು ಹೊತ್ತಿಗೆ ತಿಮ್ಮರಾಜು ಟ್ರೇ ಹಿಡಿದು ಬಂದ. ಸ್ಟೇಜಿನಲ್ಲಿ ಎಂಟು ಜನ. ಹೂವಿನ ಚಿತ್ತಾರದ ಪಿಂಗಾಣಿ ಕಪ್ಪು ಆರು, ಪೇಪರ್ ಲೋಟ ಎರಡು. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿಯೂ ಇರಲಿಲ್ಲ, ಇಷ್ಟು ವರ್ಷದ ರೂಢಿ ಅವನ ಕೈಯಲ್ಲೇ ಇತ್ತು. ಆರು ಕಪ್ಪು ಆರು ಕಡೆ ಇಟ್ಟು, ಪೇಪರ್ ಲೋಟ ಒಂದನ್ನು ಅವ್ವನಿಗೆ, ಒಂದನ್ನು ಇಂಪನಾಳಿಗೆ ಕೊಟ್ಟ. ಅವ್ವ ಎರಡೂ ಕೈ ಚಾಚಿ, ಕೆಳಗಿನಿಂದ ಎತ್ತಿ ಹಿಡಿದಳು. ಜಗುಲಿಯ ಕೆಳಗೆ ಹಿಡಿಯುತ್ತಿದ್ದ ಹಾಗೆಯೇ.

ಐದೂ ನಲವತ್ತೈದು. ಲಕ್ಷ್ಮೀನರಸಿಂಹಯ್ಯ ಕಾಗದವನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ಕ್ಯಾಪು ತೆಗೆದು, ಕ್ಯಾಮೆರಾದ ಕಡೆ ನಕ್ಕ. "ಹತ್ರ ಬಾಮ್ಮ ಇಂಪನಾ."

ಅವಳು ಹತ್ತಿರ ಹೋದಳು. ಹೆಗಲಿನ ಬ್ಯಾಗನ್ನು ಮೇಜಿನ ಮೇಲಿಟ್ಟು, ಜಿಪ್ಪು ಎಳೆದು, ಚಿಪ್ಪನ್ನು ತೆಗೆದು ಕಾಗದದ ಪಕ್ಕದಲ್ಲಿ ಇಟ್ಟಳು. ಅವನ ಮುಂದಿದ್ದ ಪಿಂಗಾಣಿ ಕಪ್ಪನ್ನು ಎತ್ತಿ ಅವ್ವನ ಕೈಗೆ ಕೊಟ್ಟಳು. ಅವ್ವನ ಪೇಪರ್ ಲೋಟವನ್ನು ತಾನು ತೆಗೆದುಕೊಂಡು, ಒಂದು ಮೊಳ ಮೇಲಕ್ಕೆ ಎತ್ತಿ, ಚಿಪ್ಪಿಗೆ ಸುರಿದಳು. ಹನಿ ಸಿಡಿದು ಅವನ ಬಿಳಿ ಅಂಗಿಯ ತೋಳಿಗೆ ಬಿತ್ತು.

"ಏನೇ ಇದು," ಎಂದ ಅವನು ಹಲ್ಲು ಕಚ್ಚಿಕೊಂಡು, ನಗುವನ್ನು ಹಾಗೇ ಇಟ್ಟುಕೊಂಡು. "ತೆಗಿಯೇ ಬೋಸುಡಿ. ಸೈನ್ ಬೇಕೋ ಬ್ಯಾಡ್ವೋ?"

ಮೈಕು ಅವನ ಗಲ್ಲದ ಹತ್ತಿರವೇ ಇತ್ತು. ಇಡೀ ಮಂಟಪಕ್ಕೆ ಕೇಳಿಸಿತು.

"ಬೇಕು," ಎಂದಳು ಇಂಪನಾ. ಕೇರಳ ಈ ಮೇಜಿನ ಮೇಲೇ ಇದೆ, ಕಾಗದ ಹರಿಯಲು ಅವನಿಗೆ ಎರಡು ಬೆರಳು ಸಾಕು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು. "ನಾವ್ ಕುಡ್ದಿದ್ದೇ ನೀವು ಕುಡ್ಯೋದು ಅಂದ್ರಲ್ಲ. ಇದು ನಮ್ಮವ್ವ ನಿಮ್ಮನೇಲಿ ಇಪ್ಪತ್ ವರ್ಷ ಕುಡ್ದಿರೋ ಚಿಪ್ಪು. ಕುಡೀರಿ. ಆಮೇಲ್ ಸೈನ್ ಹಾಕಿ."

ಕ್ಯಾಮೆರಾದವನು ಸ್ಟ್ಯಾಂಡು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಅಜ್ಮತುಲ್ಲಾ ಎದ್ದು ನಿಂತರು, ಬೇಡ ಅನ್ನುವ ಹಾಗೆ ಒಂದು ಕೈ ಎತ್ತಿದವರು ಅದನ್ನು ಇಳಿಸಿ, ಇನ್ನೊಂದು ಕೈಯಲ್ಲಿದ್ದ ಫೋನನ್ನು ಮೇಲಕ್ಕೆ ಹಿಡಿದರು.

ಲಕ್ಷ್ಮೀನರಸಿಂಹಯ್ಯನ ಒಂದು ಕೈಯಲ್ಲಿ ಪೆನ್ನಿತ್ತು. ಇನ್ನೊಂದು ಕೈ ಚಿಪ್ಪಿನ ತನಕ ಹೋಗಿ, ಅದರ ಕರಿ ಅಂಚನ್ನು ನೋಡಿ, ಅಲ್ಲೇ ನಿಂತಿತು. ತುಟಿ ಕುಡಿಯುವವನಂತೆ ಒಮ್ಮೆ ಅಲುಗಿತು. ಕೆಳಗೆ ಕಾಲೋನಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು, ಚೆನ್ನಾಗಿ ಕಾಣಲಿ ಎಂದು.

ಅವ್ವ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಬೆನ್ನು ಒರಗಿಸಿ ಕೂತಳು. ಪಿಂಗಾಣಿ ಕಪ್ಪಿನಿಂದ ಸೊರ್‍ರನೆ ಒಂದು ಗುಟುಕು ಎಳೆದಳು.

"ಕುಡೀರಿ ಯಜಮಾನ್ರೆ," ಎಂದಳು. "ಸಕ್ರೆ ಹಾಕವ್ರೆ. ಭೇದ ಮಾಡಿಲ್ಲ."

ಗೋಡೆಯ ಗಡಿಯಾರದಲ್ಲಿ ಆರಕ್ಕೆ ಎಂಟು ನಿಮಿಷ ಇತ್ತು. ಚಿಪ್ಪಿನಲ್ಲಿದ್ದ ಟೀ ಮೇಲೆ ಕೆನೆ ಕಟ್ಟತೊಡಗಿತ್ತು.